ಸಹಿ ಮಾಡುವವರು

ನಿನ್ನವರು ಅಂತ ಯಾರಾದರೂ ಬಂದು ಸಹಿ ಮಾಡಬೇಕು ಎಂದು ಡಾಕ್ಟರು ಮರಾಠಿಯಲ್ಲಿ ಎರಡನೇ ಸಲ ಹೇಳಿದಾಗಲೂ ಈರಣ್ಣ ಸುಮ್ಮನೆ ಕೂತಿದ್ದ. ಮೂಗಿನ ಹಿಂದೆ, ಬಹಳ ಆಳದಲ್ಲಿ, ಎಲುಬಿನೊಳಗೆ ಒಂದು ಪೊಳ್ಳು ಇದೆ, ಅದರಲ್ಲಿ ಕೀವು ತುಂಬಿ ಪಕ್ಕದ ಕಣ್ಣಿನ ನರವನ್ನು ಒತ್ತುತ್ತಿದೆ ಎಂದು ಅವರು ಎಕ್ಸ್‌ರೇ ಮೇಲೆ ಪೆನ್ಸಿಲ್ಲಿನಿಂದ ತೋರಿಸಿದ್ದರು. ಎಡಗಣ್ಣು ಬಹುಪಾಲು ಹೋಗಿತ್ತು. ತಡಮಾಡಿದರೆ ಬಲಗಣ್ಣೂ ಉಳಿಯುವ ಭರವಸೆಯಿಲ್ಲ. ಪೆನಿಸಿಲಿನ್ ಸೂಜಿ ಕೊಟ್ಟು ನೋಡಿದ್ದಾಗಿತ್ತು. ನಾಳೆಯೇ ಆಪರೇಶನ್ ಆಗಬೇಕಿತ್ತು.

ಈರಣ್ಣ ಧಾರವಾಡದ ಕಡೆಯವನು. ಹದಿನಾಲ್ಕು ವರ್ಷದಿಂದ ವಿಲೆ ಪಾರ್ಲೆಯ ರೈಲ್ವೆ ಗೇಟು ಕಾಯುತ್ತಿದ್ದ. ಮಳೆಗಾಲವಿಡೀ ಕಣ್ಣಿನ ಹಿಂದೆ ನೋವಿತ್ತು. ನೆಗಡಿಯೆಂದು ಓಮದ ಹೊಗೆ ತೆಗೆದುಕೊಂಡ. ಒಂದು ಮುಂಜಾನೆ ಮುಖ ತೊಳೆಯುವಾಗ ಬಲಗಣ್ಣಿಗೆ ಸೋಪು ಹೋಯಿತು. ಬರಿಯ ಎಡಗಣ್ಣಿನಲ್ಲಿ ನೋಡಿದರೆ ಮೂಲೆಯಲ್ಲಿದ್ದ ಕೆಂಪು ಬಾವುಟ ಕಂದುಬಣ್ಣದ್ದಾಗಿ ಕಂಡಿತು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೂ ಅವತ್ತೇ ಸ್ಟೇಷನ್ ಮಾಸ್ತರರ ಬಳಿ ಹೋಗಿ, ಇನ್ನು ತನ್ನನ್ನು ಗೇಟಿನಲ್ಲಿ ನಿಲ್ಲಿಸಬೇಡಿ ಎಂದ.

ತನ್ನವರು ಎಂದರೆ ಹೆಂಡತಿ ನೀಲಾವತಿ. ಒಂಬತ್ತು ವರ್ಷದ ಹಿಂದೆ ಮೂರು ವರ್ಷದ ಮಗಳಿಗೆ ಜ್ವರ ಏರಿದಾಗ ಅವಳು ಎರಡು ಸಲ ಹೇಳಿಕಳಿಸಿದ್ದಳು. ಬದಲಿ ಆಳು ಬರುವ ತನಕ ಇವನು ಗೇಟು ಬಿಟ್ಟು ಕದಲಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಕೂಸು ಹೋಗಿತ್ತು. ತಿಂಗಳು ತುಂಬುವ ಮೊದಲೇ ನೀಲಾವತಿ ಕಾಂದಿವಲಿಯ ಅಕ್ಕನ ಮನೆ ಸೇರಿ, ಅಲ್ಲಿನ ಶಾಲೆಯೊಂದರಲ್ಲಿ ಆಯಾ ಆದಳು. ಇವನು ಕರೆಯಲು ಹೋಗಲಿಲ್ಲ.

ಡಾಕ್ಟರು ಸಹಿಯ ಮಾತು ಹೇಳಿದ ಆ ಸಂಜೆ ಲೋಕಲ್ ರೈಲು ಹಿಡಿದು ಕಾಂದಿವಲಿಗೆ ಹೋದ. ಚಾಳಿನ ಮೆಟ್ಟಿಲಿನ ಅಂಚು ಕಾಣದೆ ಎರಡು ಕಡೆ ಎಡವಿದ. ನೀಲಾವತಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಒಳಗೆ ಬಾ ಎನ್ನಲಿಲ್ಲ. ಎಷ್ಟು ಗಂಟೆಗೆ ಬರಬೇಕು ಎಂದಷ್ಟೇ ಕೇಳಿದಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಬಂದಳು. ಉಪಕರಣ ಹಾಯುವ ಜಾಗ ನರಕ್ಕೆ ಕೂದಲೆಳೆಯಷ್ಟು ಹತ್ತಿರ, ಮಾಡುವಾಗಲೇ ದೃಷ್ಟಿ ಹೋದರೂ ಹೋಗಬಹುದು ಎಂದು ಡಾಕ್ಟರು ವಿವರಿಸಿದರು. ಅವಳು ಪೆನ್ನು ಹಿಡಿದು ಗಂಡನ ಕಡೆ ತಿರುಗಿದಳು.

"ನಾಳೆ ಕಣ್ಣು ಹೋದ್ರ, ಇಕಿ ಸಹಿ ಮಾಡಿದ್ದಕ್ಕ ಹೋತು ಅಂತೀರೇನು?"

"ಅನ್ನೂದಿಲ್ಲ. ಅವತ್ತ ನಾ ಬರಲಿಲ್ಲ. ಇವತ್ತ ನೀ ಬಂದಿ."

ಅವಳು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಸಂಬಂಧ ಏನು ಎಂದು ಗುಮಾಸ್ತ ಕೇಳಿದ್ದಕ್ಕೆ ಹೆಂಡತಿ ಎಂದಳು. ಶಾಲೆಗೆ ಹೊತ್ತಾಯಿತೆಂದು ಹೊರಟಳು.

ಕೀವು ತೆಗೆದರು. ಮೂರನೆಯ ದಿನ ಪಟ್ಟಿ ಬಿಚ್ಚಿದಾಗ ಬಲಗಣ್ಣಿಗೆ ಕಿಟಕಿಯ ಸರಳುಗಳು ನಿಚ್ಚಳವಾಗಿ ಕಂಡವು. ಎಡಗಣ್ಣಿಗೆ ಏನೂ ಇರಲಿಲ್ಲ. ಅದು ಇನ್ನು ಬರುವುದಿಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ರೈಲ್ವೆಯವರು ಗೋದಾಮಿನಲ್ಲಿ ಕೆಲಸ ಕೊಡಬಹುದು ಎಂಬ ಸುದ್ದಿಯೂ ಬಂತು.

ಅವತ್ತು ನಾಲ್ಕು ಗಂಟೆಗೆ ಭೇಟಿಯ ಹೊತ್ತು. ವಾರ್ಡಿನ ಮಂಚಗಳ ಸುತ್ತ ಜನ ತುಂಬಿದರು. ಈರಣ್ಣ ಬಲಕ್ಕೆ ಹೊರಳಿ, ಪಕ್ಕದ ರೋಗಿಗೆ ಮಗಳು ಗಂಜಿ ಕುಡಿಸುವುದನ್ನು ನೋಡುತ್ತ ಮಲಗಿದ. ಮೂಗಿನ ತುಂಬ ಬಟ್ಟೆ ತುರುಕಿದ್ದರಿಂದ ಬಾಯಿಯಲ್ಲೇ ಉಸಿರಾಡಬೇಕಿತ್ತು; ಗಂಟಲು ಒಣಗಿತು. ನೀರಿಗೆಂದು ಎಡಕ್ಕೆ ಪೂರ್ತಿ ತಿರುಗಿದಾಗ ಸ್ಟೂಲಿನ ಮೇಲೆ ನೀಲಾವತಿ ಕೂತಿದ್ದಳು. ಮಡಿಲಲ್ಲಿ ಸುಲಿದಿಟ್ಟ ಮೋಸಂಬಿ ತೊಳೆಗಳಿದ್ದವು.

"ಯಾವಾಗ ಬಂದಿ?"

"ಅರ್ಧಾ ತಾಸಾತು. ನೀವು ಆಕಡೆ ಮಾರಿ ಮಾಡಿ ಮಲಗಿದ್ರಿ. ಮಾತು ಬ್ಯಾಡಾಗೇತಿ ಅನಕೊಂಡೆ."

ಅವನು ಎಡಗಣ್ಣಿನ ಕಡೆ ಕೈಮಾಡಿ ತೋರಿಸಿದ. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಅಷ್ಟರಲ್ಲಿ ಭೇಟಿ ಮುಗಿಯಿತೆಂದು ಗಂಟೆ ಬಾರಿಸಿದರು. ತೊಳೆಗಳನ್ನು ತಟ್ಟೆಗೆ ಹಾಕಿ, ಸೆರಗು ಕೊಡವಿ ಎದ್ದಳು. ನಾಳೆ ಬರುವೆನೆಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ. ಹೊರಡುವ ಜನದ ನಡುವೆ ಅವಳು ಎಡಕ್ಕೆ ಸರಿಯುತ್ತ ಹೋದಂತೆ, ಅವನು ದಿಂಬಿನ ಮೇಲೆ ತಲೆಯನ್ನು ಇಷ್ಟಿಷ್ಟೇ ಹೊರಳಿಸುತ್ತ ಅವಳನ್ನು ಬಾಗಿಲ ತನಕ ಬಲಗಣ್ಣಿನಲ್ಲಿ ಹಿಡಿದಿಟ್ಟುಕೊಂಡ.