ಇಳಿಸಿದ ಕೈ ಯಾವುದು

ನಾನು ಒಂದು ಗ್ಲೈಡರ್. ಇಂಜಿನ್ ಇಲ್ಲದ ವಿಮಾನ. ಹುಟ್ಟಿದ ದಿನದಿಂದಲೇ ನನಗೆ ಗೊಂದಲ. ನನ್ನನ್ನು ಮಾಡಿದ ಅಂತೋಣಿ ಮೇಸ್ತ್ರಿ ಮೊದಲು ಬಾಗಿಲು, ಬೀರು ಮಾಡುತ್ತಿದ್ದವರು. ತೆಳು ಹಲಗೆ ಬಗ್ಗಿಸಿ, ಅಂಟು ಹಚ್ಚಿ, ಮೇಲೆ ಬಟ್ಟೆ ಎಳೆದು ಕಟ್ಟಿ ಬಣ್ಣ ಬಳಿದರು. ಕೊನೆಗೆ ರೆಕ್ಕೆ ತಟ್ಟಿ, "ಹೋಗು, ಹಾರು" ಅಂದರು. ಹೇಗೆ ಅಂತ ಹೇಳಲಿಲ್ಲ.

ಹೇಗೆ ಅನ್ನುವುದು ಆಮೇಲೆ ತಿಳಿಯಿತು. ಬಯಲಿನ ಆ ತುದಿಯಲ್ಲಿ ವಿಂಚ್ ಅನ್ನುವ ಯಂತ್ರ ಉದ್ದನೆಯ ತಂತಿಯನ್ನು ಗರಗರ ಸುತ್ತಿಕೊಳ್ಳುತ್ತದೆ. ಈ ತುದಿಯಲ್ಲಿ ಆ ತಂತಿಗೆ ಸಿಕ್ಕಿಸಿದ ನಾನು ಗಾಳಿಪಟದ ಹಾಗೆ ಮೇಲೇಳುತ್ತೇನೆ. ಮೇಲೆ ಹೋದ ಮೇಲೆ ತಂತಿ ಬಿಡುತ್ತಾರೆ. ಆಮೇಲೆ ಗಾಳಿಯೇ ಗತಿ.

ಮೊದಲ ಕೆಲವು ವರ್ಷ ಒಂದು ಕ್ಲಬ್ಬಿನಲ್ಲಿದ್ದೆ. ಭಾನುವಾರ ಬರುವ ಹಿರಿಯರು ಹಾರಿ, ಕಾಫಿ ಕುಡಿದು ಹೋಗುತ್ತಿದ್ದರು. ಕ್ಲಬ್ಬು ಮುಚ್ಚಿದಾಗ ನನ್ನನ್ನು ಲಾರಿಯಲ್ಲಿ ಹೇರಿ, ಹುಬ್ಬಳ್ಳಿಯಿಂದ ಒಂದು ತಾಸು ದೂರದ ಯುವ ಗಗನ ಶಿಬಿರಕ್ಕೆ ಕಳಿಸಿದರು. ಅಲ್ಲಿ ಹದಿನಾರು, ಹದಿನೇಳರ ಮಕ್ಕಳು. ಕೆಲವರು ಸೀಟಿನಲ್ಲಿ ಕೂತ ಕೂಡಲೇ ಕಣ್ಣು ಮುಚ್ಚುತ್ತಿದ್ದರು.

ನನ್ನಲ್ಲಿ ಎರಡು ಸೀಟು. ಮುಂದೆ ಕಲಿಯುವವರು, ಹಿಂದೆ ಕಲಿಸುವವರು. ಇಬ್ಬರ ಮುಂದೆಯೂ ನನ್ನ ಮೂತಿ ಏರಿಸುವ, ಇಳಿಸುವ ಒಂದೊಂದು ಹಿಡಿಕೋಲು, ಅಂದರೆ ಸ್ಟಿಕ್. ಎರಡೂ ನನ್ನ ಹೊಟ್ಟೆಯೊಳಗೆ ಒಂದೇ ಸಲಾಕೆಗೆ ಸೇರಿವೆ. ಯಾರು ಎಳೆದರೂ ನನಗೆ ತಾಕುವುದು ಒಂದೇ ಎಳೆತ.

ಕಲಿಸುತ್ತಿದ್ದವರು ಕುಟ್ಟಪ್ಪ ಸರ್. ಕೊಡಗಿನವರು, ವಾಯುಪಡೆಯಿಂದ ನಿವೃತ್ತರು. ಹೆಂಡತಿ ತೀರಿಕೊಂಡ ಮೇಲೆ ಶಿಬಿರದ ಕ್ವಾರ್ಟರ್ಸೇ ಅವರ ಮನೆ.

ಆ ಬೇಸಿಗೆ ಗದಗಿನಿಂದ ಕುಸುಮಾ ಅನ್ನುವ ಹುಡುಗಿ ಬಂದಳು. ಅಪ್ಪ ಬಸ್ ಕಂಡಕ್ಟರ್. ಅವಳು ಸ್ಟಿಕ್ ಹಿಡಿದರೆ ಬಸ್ಸಿನ ಕಂಬಿ ಹಿಡಿದ ಹಾಗೆ. "ಕೈ ಸಡಿಲ ಬಿಡು ಮಗು" ಅಂತ ಸರ್ ದಿನಾ ಹೇಳುತ್ತಿದ್ದರು. ಜೊತೆಯವರೆಲ್ಲ ಒಂಟಿಯಾಗಿ ಹಾರಿ ಬಂದಾಯಿತು. ಇವಳಿಗೆ ಇನ್ನೊಂದೇ ಪರೀಕ್ಷೆ ಬಾಕಿ. ಸರ್ ಜೊತೆ ಹೋಗಿ ತಾನೇ ಇಳಿಸಿದರೆ ಒಂಟಿಯಾಗಿ ಹಾರಬಹುದು. ಇಲ್ಲದಿದ್ದರೆ ಮನೆಗೆ.

ಆ ಬೆಳಿಗ್ಗೆ ವಿಂಚ್ ಎಳೆಯಿತು. ಮುನ್ನೂರು ಅಡಿ ಏರಿರಬೇಕು, ಫಟ್ಟನೆ ತಂತಿ ಕಡಿಯಿತು. ಆಕಾಶಕ್ಕೆ ಮೂತಿ ಎತ್ತಿದ್ದ ನನಗೆ ಉಸಿರೇ ನಿಂತ ಹಾಗಾಯಿತು. ಆ ಕ್ಷಣ ಮೂತಿ ಇಳಿಸದಿದ್ದರೆ ನಾನು ಕಲ್ಲಿನ ಹಾಗೆ ಬೀಳುತ್ತೇನೆ. ಸಲಾಕೆ ಮುಂದಕ್ಕೆ ಹೋಯಿತು. ಮೂತಿ ಇಳಿಯಿತು. ಉಳಿದ ತಂತಿಯ ತುಂಡು ಕಳಚಿ ಬಿತ್ತು. ಆಮೇಲೆ ಸಲಾಕೆ ಎಂದೂ ಇಲ್ಲದಷ್ಟು ಹಗುರವಾಯಿತು. ಹಿಂದಿನಿಂದ ಮಾತಿಲ್ಲ, ಮುಂದಿನಿಂದಲೂ ಇಲ್ಲ. ನಾನು ಹುಲ್ಲಿನ ಮೇಲೆ ಮೆತ್ತಗೆ ಇಳಿದು ನಿಂತೆ.

ಕುಸುಮಾ ತಿರುಗಿ ನೋಡದೆ ಹೇಳಿದಳು. "ತಪ್ಪಾತ್ರಿ ಸರ್. ನೀವ ಇಳಿಸಬೇಕಾತು."

ಸರ್ ಎಡಗೈಯಿಂದ ಬೆಲ್ಟು ಬಿಚ್ಚಿಕೊಂಡರು. ಆಮೇಲೆ, "ನಾನಲ್ಲ ಮಗು" ಅಂದರು. ಮಾತು ತುಸು ತೊದಲುತ್ತಿತ್ತು.

ತನ್ನ ಮನಸ್ಸು ನೋಯಬಾರದೆಂದು ಹಾಗೆ ಹೇಳುತ್ತಿದ್ದಾರೆ ಅಂದುಕೊಂಡಳು ಅವಳು. ಆದರೆ ಮಧ್ಯಾಹ್ನ ಸರ್ ಎಡಗೈಯಲ್ಲಿ, ಸೊಟ್ಟ ಅಕ್ಷರಗಳಲ್ಲಿ ವರದಿ ಬರೆದುಕೊಟ್ಟರು. "ತಂತಿ ಕಡಿದಾಗಿನಿಂದ ಇಳಿಯುವವರೆಗೂ ನನ್ನ ಬಲಗೈ ನನ್ನ ಮಾತು ಕೇಳಲಿಲ್ಲ, ಇಳಿಸಿದ್ದು ಹುಡುಗಿ" ಅಂತ.

ಶಿಬಿರದ ಮುಖ್ಯಸ್ಥೆ, ತಾವೂ ಪೈಲಟ್ ಆಗಿದ್ದ ಮಂದಾಕಿನಿ ಮೇಡಂ ಕುಸುಮಾಳನ್ನು ನನ್ನ ಹತ್ತಿರವೇ ಕರೆದು ನಿಲ್ಲಿಸಿದರು.

"ಯಾರು ಇಳಿಸಿದ್ದು?"

"ಸರ್ ಇಳಿಸಿದ್ರಿ."

"ಅವರು ನೀನು ಅಂತಾರೆ."

"ನಾ ಅಂದ್ರ ಸರ್ ಹಾರೋದು ನಿಂತುಹೋಗತೈತ್ರಿ ಮೇಡಂ. ನಾ ಬೇಕಾದ್ರ ಮನೀಗೆ ಹೋಗ್ತೀನಿ."

"ಯಾರಿಗೆ ಏನಾಗುತ್ತೆ ಅಂತ ಕೇಳಲಿಲ್ಲ. ಏನಾಯ್ತು, ಹೇಳು."

ಕುಸುಮಾ ನನ್ನ ರೆಕ್ಕೆಯ ಮೇಲೆ ಕೈಯಿಟ್ಟಳು. "ತಂತಿ ಕಡೀತು. ನಾ ಮೂತಿ ಕೆಳಗ ಒತ್ತಿದೆ. ಆಮ್ಯಾಲ ಸ್ಟಿಕ್ ಭಾಳ ಹಗುರ ಆತು. ಸರ್ ತಗೊಂಡ್ರು ಅನ್ಕೊಂಡೆ. ನಾ ಹಿಡದಿದ್ನೋ ಬಿಟ್ಟಿದ್ನೋ, ಖರೇನ ಗೊತ್ತಿಲ್ರಿ."

ಮೇಡಂ ಸ್ವಲ್ಪ ಯೋಚಿಸಿ ಹೇಳಿದರು. "ಅವರ ಕೈ ಬಿಟ್ಟುಹೋಗಿದ್ದಕ್ಕೆ ಹಗುರ ಆಗಿರಬಹುದು. ಇಷ್ಟು ದಿನ ನಿನಗೆ ಗೊತ್ತಾಗದ ಹಾಗೆ ಅವರೂ ಹಿಡಿದಿರುತ್ತಿದ್ದರೇನೋ."

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಮೇಡಂ ಹೇಳಿದ್ದು ಸರಿ ಅನಿಸುತ್ತಿತ್ತು. ಮರುಗಳಿಗೆ, ಯಾರೂ ಹಿಡಿಯದೆ ನಾನೇ ಇಳಿದೆನೇನೋ ಅನ್ನುವ ಅನುಮಾನ.

ಅಂದೇ ಸರ್ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಮೆದುಳಿಗೆ ರಕ್ತ ಹೋಗುವುದು ಸ್ವಲ್ಪ ಹೊತ್ತು ತಡೆದಿತ್ತಂತೆ. ಔಷಧಿಯಿಂದ ಕೈ ಸರಿಹೋಯಿತು, ಆದರೆ ಹಾರುವ ಪರವಾನಗಿ ಹೋಯಿತು. ಮೇಡಂ ತಾವೇ ಕುಸುಮಾಳ ಜೊತೆ ಎರಡು ಸಲ ಹಾರಿ, ಸ್ಟಿಕ್ ಹಿಡಿದಿಲ್ಲವೆಂದು ತಮ್ಮೆರಡೂ ಕೈಗಳನ್ನು ಹಿಂದಿನಿಂದ ಅವಳ ಹೆಗಲ ಪಕ್ಕಕ್ಕೆ ಚಾಚಿ ತೋರಿಸಿದರು. ವಾರದ ಮೇಲೆ ಅವಳು ಒಂಟಿಯಾಗಿ ನನ್ನನ್ನು ಏರಿಸಿ, ಇಳಿಸಿದಳು. ಸರ್ ಬಯಲಿನ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಇಡೀ ಹೊತ್ತು ಇದು ಅದೇ ಕೈಯೇ ಅಂತ ಗಮನಿಸುತ್ತಲೇ ಇದ್ದೆ. ಒಮ್ಮೆ ಹೌದು ಅನಿಸಿತು, ಒಮ್ಮೆ ಅಲ್ಲ ಅನಿಸಿತು.

ಅದೆಲ್ಲ ಹಳೆಯ ಮಾತು. ನನ್ನ ಬಟ್ಟೆ ಹರಿಯಿತು, ಮರಕ್ಕೆ ಹುಳ ಬಿತ್ತು. ಈಗ ಒಂದು ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನ ಮೂಲೆಯಲ್ಲಿದ್ದೇನೆ. ಮಕ್ಕಳು ನನ್ನ ಹೊಟ್ಟೆ ತೆರೆದು ಕಲಿಯುತ್ತಾರೆ. ವಾರಕ್ಕೊಮ್ಮೆ ಕುಟ್ಟಪ್ಪ ಸರ್ ಬಂದು ಪಾಠ ಹೇಳುತ್ತಾರೆ. ಕುಸುಮಾ ಈಗ ಬೇರೊಂದು ಶಿಬಿರದಲ್ಲಿ ಕಲಿಸುತ್ತಾಳಂತೆ. ಇಬ್ಬರದೂ ಫೋನಿನಲ್ಲಿ ಇನ್ನೂ ಅದೇ ಜಗಳ. ನೀನು ಅಂತ ಇವರು, ನೀವು ಅಂತ ಅವಳು.

ಮೊನ್ನೆ ಸರ್ ಈ ಕತೆ ಹೇಳಿದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು. "ಆ ಹುಡುಗಿ ನೀವೇ ಅಂತಿದ್ದಳಲ್ಲ ಸರ್. ಸುಮ್ಮನಿದ್ದಿದ್ದರೆ ಇನ್ನೂ ಹಾರುತ್ತಿದ್ದಿರಿ. ಯಾಕೆ ಬರೆದುಕೊಟ್ಟಿರಿ?"

ಸರ್ ಬಲಗೈಯನ್ನು ನನ್ನ ಹಿಂದಿನ ಸೀಟಿನ ಅಂಚಿನ ಮೇಲಿಟ್ಟು ಹೇಳಿದರು. "ಮಾರನೇ ದಿನ ಮುಂದಿನ ಸೀಟಿನಲ್ಲಿ ಇನ್ನೊಂದು ಮಗು ಕೂರಬೇಕಿತ್ತಮ್ಮ."

ಇಷ್ಟು ಮಾತ್ರ ನನಗೆ ಸರಿಯಾಗಿ ಅರ್ಥವಾಯಿತು.