ಪರದೆಯ ಮೇಲಿನ ತೋಳು

ನನ್ನ ಕರ್ಮ, ಆ ಮಧ್ಯಾಹ್ನವೇ ಆಟಕ್ಕೆ ಕೂತಿದ್ದೆ. ಕತ್ತಲೆ ಸುರಂಗದಲ್ಲಿ ಗುಂಡು ಹಾರಿಸುವ ಆಟ. ಏನೂ ಕಾಣುವುದಿಲ್ಲವೆಂದು ಅದರೊಳಗೇ ಬ್ರೈಟ್‌ನೆಸ್ ಪೂರ್ತಿ ಏರಿಸಿದ್ದೆ. ಆಟ ನಡುವೆಯೇ ಕೈಕೊಟ್ಟು ಮುಚ್ಚಿಹೋಯಿತು, ಪರದೆ ಮಾತ್ರ ಬಿಳಿಚಿಕೊಂಡೇ ಉಳಿಯಿತು. ಆಟವನ್ನು ಮತ್ತೆ ತೆರೆದು, ಮರ್ಯಾದೆಯಿಂದ ಮೆನುವಿಗೆ ಹೋಗಿ ಹೊರಬಂದರೆ ಬಣ್ಣ ಸರಿಹೋಗುತ್ತದೆ. ನನಗದು ಗೊತ್ತಿತ್ತು. ಆಮೇಲೆ ಮಾಡಿದರಾಯಿತೆಂದು ಬಿಟ್ಟೆ. ನನ್ನಂಥ ಸೋಮಾರಿ ಇಡೀ ಕುಮಟೆಯಲ್ಲಿಲ್ಲ.

ಅಷ್ಟರಲ್ಲಿ ನನ್ನ ಸೈಬರ್ ಅಂಗಡಿಗೆ ಮಿರ್ಜಾನದ ಮಾದೇವಿ, ಅವಳ ಮೈದುನ ವೆಂಕಟ ಬಂದರು. ಮಾದೇವಿಯ ಗಂಡ ಜಟ್ಟಿ ಗೋವಾದಾಚೆ ಮೀನಿಗೆ ಹೋದ ಬೋಟಿನಿಂದ ಬಿದ್ದು ಮೂರು ದಿನವಾಗಿತ್ತು. ಮಾಲವಣದ ಕಡೆ ಒಂದು ಹೆಣ ದಡಕ್ಕೆ ಬಂದಿದೆಯಂತೆ, ಅಲ್ಲಿಯ ಪೊಲೀಸರು ಫೋಟೋ ಮೇಲ್ ಮಾಡಿದ್ದಾರಂತೆ. ಸಂಜೆಯೊಳಗೆ ಯಾರೂ ನಮ್ಮವನೆನ್ನದಿದ್ದರೆ ಅನಾಥ ಶವವೆಂದು ಸುಟ್ಟುಬಿಡುತ್ತಾರೆಂದು ವೆಂಕಟ ಹೇಳಿದ.

೨೦೦೨ರ ಮಾತು. ಟೆಲಿಫೋನ್ ತಂತಿಯಲ್ಲಿ ಒಂದು ಫೋಟೋ ಇಳಿಯಲು ಅರ್ಧ ಗಂಟೆ ಬೇಕು. ಇಂಚಿಂಚಾಗಿ ಇಳಿಯಿತು. ಮುಖ ಉಬ್ಬಿ ಗುರುತೇ ಉಳಿದಿರಲಿಲ್ಲ. ಮಾದೇವಿ ಮುಖ ನೋಡಲೇ ಇಲ್ಲ, ಬಲತೋಳನ್ನೇ ನೋಡಿದಳು.

"ನಮ್ಮವ್ರ ತೋಳಲ್ಲಿ ತುಳಸಿಕಟ್ಟೆ ಹಚ್ಚೆ ಇತ್ತು. ಇವ್ರಿಗೆ ಎಂತದೂ ಇಲ್ಲ," ಎಂದಳು.

ವೆಂಕಟನೂ ಬಗ್ಗಿ ನೋಡಿ, ಅಣ್ಣ ಅಲ್ಲವೇ ಅಲ್ಲವೆಂದು ಅಳುತ್ತ ನಗುತ್ತ, ಮನೆಗೆ ತಿಳಿಸಲು ಎಸ್‌ಟಿಡಿ ಬೂತಿಗೆ ಓಡಿದ. ಮಾದೇವಿ ಉಸಿರುಬಿಟ್ಟು ಬೆಂಚಿನ ಮೇಲೆ ಕೂತಳು.

ನಾನು ಇನ್ನೊಮ್ಮೆ ಪರದೆ ನೋಡಿದೆ. ಮರಳೂ ಬಿಳಿ, ತೋಳೂ ಬಿಳಿ. ಮಧ್ಯಾಹ್ನ ಆಟದಲ್ಲಿ ಏರಿಸಿದ ಬ್ರೈಟ್‌ನೆಸ್ ಇನ್ನೂ ಇಳಿದಿರಲಿಲ್ಲ. ಬಾಯಿಮುಚ್ಚಿಕೊಂಡಿದ್ದರೆ ಇವಳು ಕುಂಕುಮದಲ್ಲೇ ಮನೆಗೆ ಹೋಗುತ್ತಾಳೆ, ನನ್ನ ಗಂಟೇನೂ ಹೋಗುವುದಿಲ್ಲ ಅನ್ನಿಸಿದ್ದು ಸುಳ್ಳಲ್ಲ. ಆದರೆ ಅದು ಜಟ್ಟಿಯೇ ಆಗಿದ್ದರೆ? ಸಂಜೆಗೆ ಯಾರೋ ಸುಟ್ಟುಹಾಕುತ್ತಾರೆ, ಇವಳು ಸಾಯುವವರೆಗೂ ಬಾಗಿಲು ಕಾಯುತ್ತಾಳೆ.

ಪರದೆ ಸರಿಯಿಲ್ಲ, ಸ್ವಲ್ಪ ತಡೆ ಎಂದು ಹೇಳಿ ಆಟ ತೆರೆದೆ. ಗುಂಡಿನ ಸದ್ದು ಮೊಳಗಿತು. ಇಂಥ ಹೊತ್ತಿನಲ್ಲಿ ಆಟವೇ ಎನ್ನುವಂತೆ ಮಾದೇವಿ ನನ್ನನ್ನು ದುರುಗುಟ್ಟಿ ನೋಡಿದಳು. ಅವಸರಕ್ಕೆ ಎರಡು ಸಲ ತಪ್ಪು ಗುಂಡಿ ಒತ್ತಿದೆ. ಕೊನೆಗೆ ಮೆನು ಸಿಕ್ಕಿತು, ಹೊರಬಂದೆ. ಪರದೆ ಒಮ್ಮೆ ಕಪ್ಪಾಗಿ, ಫೋಟೋ ಮತ್ತೆ ಬಂತು. ಮರಳು ಮರಳಿನ ಬಣ್ಣಕ್ಕೆ ತಿರುಗಿತ್ತು. ತೋಳಿನ ಮೇಲೆ ಹಸಿರುಗಪ್ಪು ತುಳಸಿಕಟ್ಟೆ, ಕೆಳಗೆ ಎರಡು ಚುಕ್ಕಿ.

ಮಾದೇವಿ ಎದ್ದು ಬಂದು ಸೆರಗಿನಿಂದ ಗಾಜನ್ನು ಒರೆಸಿದಳು. ಮತ್ತೊಮ್ಮೆ ಒರೆಸಿದಳು. ಆಮೇಲೆ ಮೆಲ್ಲಗೆ, "ಮೊದ್ಲಿದ್ದ ಹಾಗೇ ಮಾಡಿ, ಒಡೆಯಾ. ವೆಂಕಟ ಬರೂದ್ರೊಳಗೆ ಮಾಡಿ," ಎಂದಳು.

ಅಷ್ಟರಲ್ಲಿ ವೆಂಕಟ ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದಿದ್ದ.

"ಅತ್ಗೆ, ಅಣ್ಣ ಅಲ್ಲ ಅಂತ ಅವ್ವಿಗೆ ಹೇಳಿಸ್ದೆ," ಎಂದ. "ಮೂರು ದಿನ ಆದ್ಮೇಲೆ ಈಗ ಗಂಜಿಗೆ ಕೂತ್ಳಂತೆ."