ಕೀಲಿಗಳಿದ್ದ ಫೋನಿಗೆ ನೂರಕ್ಕೆ ಮೂವತ್ತೊಂದು

ಆ ನೇಯ್ಗೆ ಮಿಲ್ಲಿನಲ್ಲಿ ಬೆಳಗಿನ ಮೀಟಿಂಗಿಗೆ ಕುರ್ಚಿಗಳಿರಲಿಲ್ಲ. ಏಳೂವರೆಗೆ ಸರಿಯಾಗಿ ಮ್ಯಾನೇಜರು ಮುಂದೆ, ಮಗ್ಗಗಳ ಫಿಟ್ಟರ್ ಪಕ್ಕದಲ್ಲಿ, ಮೂವರು ಮೇಲ್ವಿಚಾರಕರು ಹಿಂದೆ, ಹೀಗೊಂದು ಪುಟ್ಟ ಮೆರವಣಿಗೆ ನೂರಿಪ್ಪತ್ತು ಮಗ್ಗಗಳ ನಡುವೆ ಹೊರಡುತ್ತಿತ್ತು. ಅದಕ್ಕೆ ‘ಸುತ್ತು’ ಎಂದು ಹೆಸರು. ಕೂತರೆ ಜನ ಮಾತು ಬೆಳೆಸುತ್ತಾರೆ, ನಡೆದರೆ ಬೇಗ ಮುಗಿಸುತ್ತಾರೆ ಎಂಬುದು ಹಿಂದಿನ ಯಾವನೋ ಮ್ಯಾನೇಜರನ ಸಂಶೋಧನೆ. ಮಗ್ಗಗಳ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ ಎಂಬುದು ಮಾತ್ರ ಆ ಮಹಾನುಭಾವನಿಗೆ ಹೊಳೆದಿರಲಿಲ್ಲ. ಎಲ್ಲರ ಕಿವಿಯಲ್ಲೂ ರಬ್ಬರಿನ ಬಿರಡೆ. ಎಲ್ಲರೂ ಗಂಟಲು ಹರಿದುಕೊಂಡು ಕೂಗುತ್ತಿದ್ದರು, ಎಲ್ಲರೂ ಗಂಭೀರವಾಗಿ ತಲೆಯಾಡಿಸುತ್ತಿದ್ದರು, ಆಮೇಲೆ ಮಹಡಿಯ ಆಫೀಸಿಗೆ ಬಂದು ತಾವು ಏನು ತೀರ್ಮಾನಿಸಿದೆವು ಎಂದು ಮೇಲ್ ತೆರೆದು ನೋಡಿಕೊಳ್ಳುತ್ತಿದ್ದರು.

ಆ ಮೇಲ್ ಕಳಿಸುತ್ತಿದ್ದವಳು, ಸುತ್ತಿನ ಜೊತೆಗೇ ನಡೆಯುತ್ತಿದ್ದ, ಮಿಲ್ಲಿನವರೆಲ್ಲ ‘ಬರೆಯೋ ಅಕ್ಕ’ ಎನ್ನುತ್ತಿದ್ದ ಹೆಂಗಸು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಂದ ಜ್ವರ ಹೋಗುವಾಗ ಅವಳ ಕಿವಿಯನ್ನೂ ಕರೆದುಕೊಂಡು ಹೋಗಿತ್ತು. ಅಲ್ಲಿಂದ ಮುಂದೆ ಅವಳು ಜನರ ತುಟಿ ಓದುವುದನ್ನು ಕಲಿತಳು, ಇಪ್ಪತ್ತೆಂಟು ವರ್ಷಗಳಲ್ಲಿ ಪಳಗಿದಳು. ಇಡೀ ಮಿಲ್ಲಿನಲ್ಲಿ ಮಗ್ಗಗಳ ಶೆಡ್ಡಿನೊಳಗೆ ಮಾತು ‘ಕೇಳಿಸುತ್ತಿದ್ದುದು’ ಅವಳೊಬ್ಬಳಿಗೇ. ಹನ್ನೊಂದು ವರ್ಷಗಳಿಂದ ಸುತ್ತಿನ ನಡಾವಳಿ ಬರೆಯುವುದು ಅವಳ ಕೆಲಸ.

ಬರೆಯುವುದಾದರೂ ಹೇಗೆ? ಕಣ್ಣು ತುಟಿಗಳ ಮೇಲಿರಬೇಕು, ಒಂದು ಕ್ಷಣವೂ ಕೆಳಗಿಳಿಯುವಂತಿಲ್ಲ. ಅದಕ್ಕೇ ಅವಳ ಬಳಿ ಆ ಹಳೆಯ ಆಫೀಸು ಫೋನು. ಗಾಜಿನ ಪರದೆಯನ್ನು ಮೇಲಕ್ಕೆ ಸರಿಸಿದರೆ ಕೆಳಗಿನಿಂದ ಕೀಲಿಗಳ ಸಾಲುಗಳು ಹೊರಬರುತ್ತಿದ್ದವು. ಹೆಬ್ಬೆರಳುಗಳಿಗೆ ಒಂದೊಂದು ಕೀಲಿಯ ಅಂಚೂ ಗೊತ್ತು. ಮ್ಯಾನೇಜರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹಿಂದಿನ ವಾಕ್ಯ ಮುಗಿದಿರುತ್ತಿತ್ತು.

ಒಂದು ಸೋಮವಾರ ಹೆಡ್ ಆಫೀಸಿನಿಂದ ಫೋನುಗಳ ಪರೀಕ್ಷಕ ಬಂದ. ಮೂವತ್ತರ ಆಸುಪಾಸು, ಇಸ್ತ್ರಿ ಕೆಡದ ಅಂಗಿ, ಕೈಯಲ್ಲಿ ಲ್ಯಾಪ್‌ಟಾಪು, ಲ್ಯಾಪ್‌ಟಾಪಿನಲ್ಲಿ ಒಂದು ಫಾರಂ. ಮಿಲ್ಲಿನವರ ಹಳೆಯ ಫೋನುಗಳಿಗೆಲ್ಲ ಅಂಕ ಹಾಕುವುದು, ಅರವತ್ತಕ್ಕಿಂತ ಕಡಿಮೆ ಬಂದವನ್ನು ಬುಟ್ಟಿಗೆ ಹಾಕುವುದು ಅವನ ಕೆಲಸ. ಅಕ್ಕನ ಸರದಿ ಬಂದಾಗ ಅವನು ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ, ಬಳಿಕ ಲ್ಯಾಪ್‌ಟಾಪಿನತ್ತ ಬಗ್ಗಿ ಏನೋ ಹೇಳತೊಡಗಿದ.

“ಮುಖ ಎತ್ತಿ ಮಾತಾಡಿ ತಮ್ಮಾ,” ಎಂದಳು ಅಕ್ಕ. “ನೆತ್ತಿ ಓದೋಕೆ ನನಗೆ ಬರಲ್ಲ.”

ತನ್ನ ದನಿಯ ಎತ್ತರ ಅವಳಿಗೆ ತಿಳಿಯುತ್ತಿರಲಿಲ್ಲ. ಅವಳು ಮೆಲ್ಲಗೆ ಹೇಳಿದ ಮಾತು ಆಚೆ ಕೋಣೆಯ ಲೆಕ್ಕದವರಿಗೂ ಕೇಳಿ, ಅಲ್ಲಿಂದ ನಗು ಬಂತು. ಪರೀಕ್ಷಕ ಕೆಂಪಾಗಿ ಮುಖ ಎತ್ತಿದ.

“ಕ್ಯಾಮೆರಾ ಮಂಜು ಮಂಜು ಮೇಡಂ. ಹದಿನೈದಕ್ಕೆ ಎರಡು. ಪರದೆಯ ಎಡಗಡೆ ಒಂದು ಬೆರಳಿನಷ್ಟಗಲ ಮುಟ್ಟಿದ್ರೆ ಸತ್ತೇ ಹೋಗಿದೆ. ಅಲ್ಲಿರೋ ಗುಂಡಿ ಹೆಂಗೆ ಒತ್ತುತೀರಿ?”

“ಅಲ್ಲಿಗೆ ಕೀಲಿಯಿಂದ ಹೋಗ್ತೀನಿ.”

“ಸರಿ, ಆರು ಕೊಡೋಣ. ಬ್ಯಾಟರಿ ಎಂಟು. ಹೊಸ ಆ್ಯಪ್‌ಗಳು ಕೂರಲ್ಲ, ಮೂರು. ಇದನ್ನ ಮಾಡಿದವರು ಸುರಕ್ಷತೆಗೆ ಅಂತ ಏನೂ ಕಳಿಸದೆ ಆರು ವರ್ಷ ಆಯ್ತು. ಕಂಪನಿ ಮೇಲ್‌ಗೆ ಇದು ಬಾಗಿಲು ತೆಗೆದಿಟ್ಟ ಮನೆ. ಇಪ್ಪತ್ತಕ್ಕೆ ಸೊನ್ನೆ. ಮಾಡೆಲ್ ವಯಸ್ಸು, ಅದೂ ಸೊನ್ನೆ.” ಅವನು ಫೋನನ್ನು ಮೇಜಿನ ಮೇಲೆ ಸ್ವಲ್ಪ ಎತ್ತರದಿಂದ ಬಿಟ್ಟು ನೋಡಿದ. ಮೇಜಿನ ಬಣ್ಣ ಕಿತ್ತಿತು. “ಗಟ್ಟಿತನ ಹತ್ತಕ್ಕೆ ಹತ್ತು.”

“ಕೀಲಿಗಳಿಗೆ?”

“ಅದು ‘ಇತರೆ’ಯಲ್ಲಿ ಬರುತ್ತೆ. ಎರಡಕ್ಕೆ ಎರಡು.” ಅವನು ಕೂಡಿಸಿದ. “ನೂರಕ್ಕೆ ಮೂವತ್ತೊಂದು.”

ಅಕ್ಕನಿಗೆ ಆ ಲೆಕ್ಕದಲ್ಲಿ ಸುಳ್ಳೇನೂ ಕಾಣಲಿಲ್ಲ. ಅದೇ ಅವಳ ತೊಂದರೆಯಾಗಿತ್ತು. ಫೋನು ಹೋದರೆ ನಡಾವಳಿ ಬರೆಯಲಾಗುವುದಿಲ್ಲ. ನಡಾವಳಿ ಇಲ್ಲದಿದ್ದರೆ ಅವಳನ್ನು ಗೋದಾಮಿಗೆ, ಬಟ್ಟೆಯ ಥಾನುಗಳಿಗೆ ಚೀಟಿ ಅಂಟಿಸಲು ಕಳಿಸುತ್ತಾರೆ. ಸಂಬಳವೇನೋ ಅಷ್ಟೇ. ಆದರೆ ಗೋದಾಮಿನಲ್ಲಿ ತುಟಿಗಳೇ ಇರಲಿಲ್ಲ. ದಿನಕ್ಕೆ ಎಂಟು ಗಂಟೆ ಥಾನುಗಳ ಮುಖ ನೋಡಿಕೊಂಡಿರಲು ಅವಳು ಇಷ್ಟು ಕಷ್ಟಪಟ್ಟು ಮಾತು ಓದಲು ಕಲಿತಿರಲಿಲ್ಲ.

ಪರೀಕ್ಷಕ ಅವಳಿಗೆ ಹೊಳೆಯುವ ಹೊಸ ಗಾಜಿನ ಫೋನು ಕೊಟ್ಟು, “ಮೂರು ದಿನ ನೋಡಿ ಮೇಡಂ, ಅಭ್ಯಾಸ ಆಗುತ್ತೆ. ಅಲ್ಲಿವರೆಗೆ ಹಳೇದೂ ನಿಮ್ಮ ಹತ್ರಾನೇ ಇರಲಿ,” ಎಂದ.

ಅಕ್ಕ ಹಟಮಾರಿ, ಆದರೆ ಮೋಸಗಾರ್ತಿಯಲ್ಲ. ಮೂರು ಸಂಜೆಯೂ ಅಡುಗೆಮನೆಯ ಮೇಜಿನ ಮುಂದೆ ತಂಗಿಯನ್ನು ಕೂರಿಸಿಕೊಂಡು ಅಭ್ಯಾಸ ಮಾಡಿದಳು. ತಂಗಿ ತರಕಾರಿ ಹೆಚ್ಚುತ್ತ ದನಿಯಿಲ್ಲದೆ ಬಾಯಾಡಿಸುವುದು, ಅಕ್ಕ ಅವಳ ಮುಖವನ್ನೇ ನೋಡುತ್ತ ಗಾಜಿನ ಮೇಲೆ ಬರೆಯುವುದು. ಮೂರನೆಯ ಸಂಜೆ ತಂಗಿ ಫೋನು ಕಿತ್ತುಕೊಂಡು ನೋಡಿದಳು.

“ನಾನು ಹೇಳಿದ್ದು ‘ನಮ್ಮನೆಯವರು ಮತ್ತೆ ಛತ್ರಿ ಕಳ್ಕೊಂಡು ಬಂದಿದಾರೆ’ ಅಂತ. ಇದೇನಿದು? ಯಾವ ಊರಿನ ಭಾಷೆ?”

“ನೋಡದೆ ಒತ್ತಿದ್ರೆ ಬೆರಳು ಎಲ್ಲಿ ಬೀಳುತ್ತೋ ಗೊತ್ತಾಗಲ್ಲ ಕಣೇ. ಕೈ ಕೆಳಗೆ ಏನೂ ಇಲ್ಲ. ಬರೀ ನುಣುಪು.”

“ಹಂಗಾದ್ರೆ ಕೆಳಗೆ ನೋಡಿ ಬರಿ.”

“ಕೆಳಗೆ ನೋಡಿದ್ರೆ ನೀನು ಹೇಳಿದ್ದು ಹೋಯ್ತು. ನನಗೆ ಎರಡು ಜೊತೆ ಕಣ್ಣು ಕೊಟ್ಟಿಲ್ಲ.”

“ಹೋಗಿ ಅಳು ಅವನ ಮುಂದೆ. ಕರಗಬಹುದು.”

“ಅಳೋಕೆ ಹೋದ್ರೂ ಕಣ್ಣು ಒದ್ದೆಯಾಗಿ ತುಟಿ ಕಾಣಲ್ಲ,” ಎಂದಳು ಅಕ್ಕ. “ಅವನ ಫಾರಂ ಓದ್ತೀನಿ.”

ಓದಿದಳು. ಒಟ್ಟು ಹದಿನಾಲ್ಕು ಪುಟ. ಮಾರನೆಯ ದಿನ ಪರೀಕ್ಷಕನ ಮುಂದೆ ಕೂತು ಒಂದೇ ಪ್ರಶ್ನೆ ಕೇಳಿದಳು: “ಇಷ್ಟುದ್ದ ಬರೆದಿದೀರಿ. ಈ ಫೋನು ಮಾಡೋ ಕೆಲಸವನ್ನ, ಆ ಕೆಲಸ ನಡೆಯೋ ಜಾಗದಲ್ಲಿ ನೋಡಿ ಅಂತ ಎಲ್ಲಾದ್ರೂ ಇದೆಯಾ?”

ಪರೀಕ್ಷಕ ಹದಿನಾಲ್ಕು ಪುಟವನ್ನೂ ಮೇಲೆ ಕೆಳಗೆ ಮಾಡಿದ. “ಇಲ್ಲ ಮೇಡಂ.”

“ನೋಡಬಾರದು ಅಂತ ಇದೆಯಾ?”

“ಅದೂ ಇಲ್ಲ.”

“ಹಾಗಿದ್ರೆ ನಾಳೆ ಏಳೂವರೆಗೆ ಸುತ್ತಿಗೆ ಬನ್ನಿ. ನೀವು ನಿಮ್ಮ ಗಾಜು ತನ್ನಿ, ನಾನು ನನ್ನದು ತರ್ತೀನಿ.”

ಅವನು ಒಪ್ಪಿದ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಾತನ್ನು ತಾನೇ ಕೇಳಿಸಿಕೊಂಡು ಬರೆಯುವ ಆ್ಯಪ್ ಇರುವ ಮತ್ತೊಂದು ಫೋನನ್ನೂ ತರುತ್ತೇನೆ ಎಂದ. ಪರೀಕ್ಷೆ ಎಂದ ಮೇಲೆ ಪೂರ್ತಿಯಾಗೇ ಆಗಬೇಕು ಎನ್ನುವ ಜಾತಿಯವನು ಅವನು. ಬಂದ ಒಂದೇ ಗಂಟೆಯಲ್ಲಿ ಅವನಿಗೆ ‘ಕೋಷ್ಟಕ’ ಎಂದು ಅಡ್ಡಹೆಸರಿಟ್ಟಿದ್ದ ಫಿಟ್ಟರ್ ಕೂಡ ಅಂದು ಅವನನ್ನು ಕೊಂಚ ಗೌರವದಿಂದ ನೋಡಿದ.

ಶುಕ್ರವಾರ ಸುತ್ತು ಹೊರಟಿತು. ಪರೀಕ್ಷಕ ಕಿವಿಗೆ ಬಿರಡೆ ಹಾಕಿಕೊಂಡು, ಕೇಳುವ ಫೋನನ್ನು ಜೇಬಿನ ಮೇಲೆ ಸಿಕ್ಕಿಸಿ, ಗಾಜಿನ ಫೋನಿನಲ್ಲಿ ತಲೆ ಹುದುಗಿಸಿ ನಡೆದ. ಹನ್ನೆರಡನೆಯ ಮಗ್ಗದ ಬಳಿ ನೂಲಿನ ತಳ್ಳುಗಾಡಿ ಅವನ ಮೊಣಕಾಲನ್ನು ಸಂಧಿಸಿತು. ಅಕ್ಕ ಎದುರಿನವರ ಮುಖಗಳನ್ನು ನೋಡುತ್ತ, ಹೊಟ್ಟೆಯ ಮುಂದೆ ಹಿಡಿದ ಫೋನಿನಲ್ಲಿ ಹೆಬ್ಬೆರಳಾಡಿಸುತ್ತ, ಗಾಡಿಗಳ ನಡುವೆ ನೀರಿನಂತೆ ಸಾಗಿದಳು. ಒಂದನೆಯ ಅಂಶ, ನೂಲು ಪದೇಪದೇ ಹರಿಯುತ್ತಿದೆ. ಎರಡು, ರಾತ್ರಿ ಪಾಳಿಗೆ ಇಬ್ಬರು ಕಡಿಮೆ. ಮೂರು, ನಾಲ್ಕು, ಐದು.

ತೊಂಬತ್ತನೆಯ ಮಗ್ಗದ ಬಳಿ ಮ್ಯಾನೇಜರು ಪರೀಕ್ಷಕನ ಹೆಗಲ ಮೇಲೆ ಕೈ ಹಾಕಿ ಅವನನ್ನು ನಾಲ್ಕು ಹೆಜ್ಜೆ ಆಚೆ ಕರೆದೊಯ್ದರು. ಗುಟ್ಟು ಹೇಳಲು ಇಡೀ ಮಿಲ್ಲಿನಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂಬುದು ಅವರ ಭಾವನೆ. ಗೋಡೆಗಳಿಗೆ ಕಿವಿಯಿದ್ದರೂ ಆ ಸದ್ದಿನಲ್ಲಿ ಅವು ಏನು ತಾನೇ ಕೇಳಿಸಿಕೊಂಡಾವು? ಹನ್ನೊಂದು ವರ್ಷ ಅಕ್ಕನ ಕಣ್ಣನ್ನೇ ನಂಬಿ ಕಾರಖಾನೆ ನಡೆಸಿದವರು, ಆ ಗಳಿಗೆಯಲ್ಲಿ ಆ ಕಣ್ಣನ್ನೇ ಮರೆತರು. ಅಕ್ಕ ಎಂಟು ಹೆಜ್ಜೆ ದೂರದಲ್ಲಿದ್ದಳು, ಮ್ಯಾನೇಜರ ಮುಖ ಅವಳ ಕಡೆಗೇ ಇತ್ತು.

ಅವಳ ಹೆಬ್ಬೆರಳುಗಳು ಒಮ್ಮೆ ನಿಂತವು. ಮತ್ತೆ ಹೊರಟವು.

ಮಹಡಿಗೆ ಬಂದ ಮೇಲೆ ಮ್ಯಾನೇಜರ ಕೋಣೆಯಲ್ಲಿ ಫಲಿತಾಂಶ ನೋಡಿದರು. ಕೇಳುವ ಫೋನು ಮಗ್ಗಗಳ ಸದ್ದನ್ನೆಲ್ಲ ಶ್ರದ್ಧೆಯಿಂದ ಆಲಿಸಿ, ‘ಹೌದು ಹೌದು ಹೌದು’ ಎಂದು ಎರಡು ಪುಟ ಬರೆದಿತ್ತು. ಗಾಜಿನ ಫೋನಿನಲ್ಲಿ ಎರಡೂವರೆ ಸಾಲುಗಳಿದ್ದವು. ಅರ್ಧ ಸಾಲು ತಳ್ಳುಗಾಡಿಗೆ ಸಂದಿತ್ತು. ಅಕ್ಕ ಎಂದಿನ ಪದ್ಧತಿಯಂತೆ ಕರಡನ್ನು ಮೊದಲು ಮ್ಯಾನೇಜರಿಗೆ ಕಳಿಸಿದಳು. ತಪ್ಪಿದ್ದರೆ ಹದಿನೈದು ನಿಮಿಷದಲ್ಲಿ ತಿದ್ದಿಸಬೇಕು, ಇಲ್ಲದಿದ್ದರೆ ಅದು ಹೆಡ್ ಆಫೀಸೂ ಸೇರಿ ಹನ್ನೊಂದು ಮಂದಿಗೆ ಹೋಗುತ್ತದೆ. ನಿಯಮ ಮ್ಯಾನೇಜರದೇ.

ಮ್ಯಾನೇಜರು ಓದುತ್ತ ಹೋದರು. ಆರನೆಯ ಅಂಶಕ್ಕೆ ಬಂದು ಕನ್ನಡಕ ತೆಗೆದರು.

‘ಅಂಶ ೬. ಮ್ಯಾನೇಜರು ಪರೀಕ್ಷಕರಿಗೆ: “ಈ ಪರೀಕ್ಷೆ ಎಲ್ಲ ಸುಮ್ನೆ ನಾಟಕ. ನೀವು ಫೇಲ್ ಅಂತ ಬರೆದು ಕೊಡಿ ಸಾಕು. ಅವಳನ್ನ ಗೋದಾಮಿಗೆ ಹಾಕ್ತೀನಿ. ನಾನು ಆಡಿದ್ದೆಲ್ಲ ಬರೆದಿಟ್ಟು ಆಮೇಲೆ ತಂದು ಮುಖಕ್ಕೆ ಹಿಡೀತಾಳೆ. ಫೋನು ಬರೀ ನೆಪ.” ಪರೀಕ್ಷಕರು ತಲೆಯಾಡಿಸಿದರು. ಕ್ರಮ: ಮ್ಯಾನೇಜರು. ಗಡುವು: ಇಂದು ಸಂಜೆ ಐದು.’

ಅವರ ಹೆಗಲ ಮೇಲಿನಿಂದ ಪರೀಕ್ಷಕನೂ ಓದಿದ. ಅವನ ಮುಖ ಬಿಳಿಚಿತು. “ಸಾರ್, ನೀವು ನನಗೆ ಇದನ್ನಾ ಹೇಳಿದ್ದು? ನನಗೆ ಒಂದಕ್ಷರ ಕೇಳಿಸ್ಲಿಲ್ಲ. ನೂಲಿನ ವಿಷಯ ಇರಬೇಕು ಅಂತ ತಲೆ ಆಡಿಸಿಬಿಟ್ಟೆ!”

ಮ್ಯಾನೇಜರು ಅಕ್ಕನತ್ತ ತಿರುಗಿದರು. “ಇದು ಮೀಟಿಂಗಿನ ಮಾತಲ್ಲ ಕಣಮ್ಮ, ಖಾಸಗಿ.”

“ಸುತ್ತಿನಲ್ಲಿ ಆಡಿದ ಮಾತೆಲ್ಲ ಮೀಟಿಂಗೇ ಅಂತ ನೀವೇ ಹೇಳಿದ್ದು ಸಾರ್. ಆ ನಡಾವಳಿನೂ ಇದೆ. ದಿನಾಂಕ ಬೇಕಾ?”

“ಮೆಲ್ಲಗೆ ಮಾತಾಡು, ಆಚೆಗೆಲ್ಲ ಕೇಳುತ್ತೆ.”

“ಮೆಲ್ಲಗೇ ಮಾತಾಡ್ತಿದೀನಿ,” ಎಂದಳು ಅಕ್ಕ. ಆಚೆ ಕೋಣೆಯಲ್ಲಿ ಕ್ಯಾಲ್ಕುಲೇಟರುಗಳು ನಿಂತುಹೋದವು. “ತಪ್ಪಿದ್ರೆ ಹೇಳಿ, ಈಗ್ಲೇ ತಿದ್ತೀನಿ. ಒಂದು ಮಾತು ಹೆಚ್ಚುಕಮ್ಮಿ ಆಗಿದೆಯಾ?”

ಮ್ಯಾನೇಜರು ಗೋಡೆ ಗಡಿಯಾರ ನೋಡಿದರು. ಒಂಬತ್ತು ನಿಮಿಷ ಉಳಿದಿತ್ತು. ಅವರು ಕೆಟ್ಟವರಲ್ಲ. ಸುತ್ತಿನಲ್ಲಿ ಉತ್ಸಾಹದಿಂದ ಮಾತು ಕೊಟ್ಟು, ಮಹಡಿ ಹತ್ತುವಷ್ಟರಲ್ಲಿ ಮರೆಯುವ ಸ್ವಭಾವ, ಅಷ್ಟೆ. ಮರೆಯಲು ಬಿಡದವಳೊಬ್ಬಳು ಹನ್ನೊಂದು ವರ್ಷ ಜೊತೆಯಲ್ಲೇ ನಡೆದರೆ ಯಾರಿಗಾದರೂ ಬೆವರಿಳಿಯುತ್ತದೆ. ಈಗ ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಅವಳಿಗೆ ಚೆನ್ನಾಗಿ ಕಾಣುವಂತೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

“ನೋಡು. ಆರನೇದು ಒಂದು ತೆಗೆದುಬಿಡು. ಗೋದಾಮಿನ ಮಾತು ಇಲ್ಲಿಗೇ ಬಿಟ್ಟೆ. ನಿನ್ನ ಕೆಲಸ ನಿನಗೆ, ಫೋನೂ ನಿನಗೆ. ಆಯ್ತಾ?”

ಅಕ್ಕ ಆ ತುಟಿಗಳನ್ನು ಎರಡು ಸಲ ಓದಿದಳು. ನಾಲ್ಕು ದಿನಗಳಿಂದ ಅವಳು ಬಯಸಿದ್ದೆಲ್ಲ ಅಲ್ಲೇ ಇತ್ತು. ಹೂಂ ಎಂದರೆ ಸಾಕು.

“ಇವತ್ತು ಇದನ್ನ ಅಳಿಸಿದ್ರೆ,” ಎಂದಳು ಅವಳು, “ನಾಳೆ ಇನ್ನೊಂದು ಅಳಿಸು ಅಂತೀರಿ. ಆಮೇಲೆ ನನ್ನ ನಡಾವಳಿಗೂ ಆ ಹೌದು ಹೌದು ಫೋನಿಗೂ ಏನು ವ್ಯತ್ಯಾಸ? ಅದು ಬೇಕಿದ್ರೆ ಅದನ್ನೇ ಇಟ್ಕೊಳ್ಳಿ. ನಾನು ಗೋದಾಮಿಗೆ ಹೋಗ್ತೀನಿ.”

“ಅಮ್ಮಾ, ಯೋಚನೆ ಮಾಡು.”

“ಹದಿನೈದು ನಿಮಿಷ ಅದಕ್ಕೇ ಇರೋದು ಸಾರ್. ನಿಮಗೆ.”

ಅವಳು ಕೂತೇ ಇದ್ದಳು. ಮ್ಯಾನೇಜರು ಪೆನ್ನು ತೆಗೆದರು, ಮುಚ್ಚಿದರು. ಯಾವ ತಿದ್ದುಪಡಿಯನ್ನೂ ಹೇಳಲಿಲ್ಲ, ಏಕೆಂದರೆ ತಿದ್ದಲು ಅಲ್ಲಿ ಏನೂ ತಪ್ಪಿರಲಿಲ್ಲ. ಸಮಯ ಮುಗಿಯಿತು. ಅಕ್ಕ ಕೀಲಿ ಒತ್ತಿದಳು. ಮೊದಲು ಮೇಜಿನ ಮೇಲಿದ್ದ ಮ್ಯಾನೇಜರ ಫೋನು ಗುಂಯ್ ಎಂದಿತು. ಆಮೇಲೆ ಆಚೆ ಕೋಣೆಯಲ್ಲಿ ಒಂದು, ಮೆಟ್ಟಿಲ ಬಳಿ ಒಂದು.

ಸಂಜೆ ಐದಕ್ಕೆ ಹತ್ತು ನಿಮಿಷವಿದ್ದಾಗ ಹನ್ನೊಂದು ಮಂದಿಗೂ ಮ್ಯಾನೇಜರ ಉತ್ತರ ಬಂತು. ಅದಕ್ಕೆ ಮೊದಲು ಹೆಡ್ ಆಫೀಸಿನಿಂದ ಅವರಿಗೆ ಎರಡು ಕರೆ ಬಂದಿದ್ದವು ಎಂದು ಫಿಟ್ಟರ್ ಹೇಳಿದ. ಉತ್ತರ ಚಿಕ್ಕದು: ‘ಅಂಶ ೬: ಹಾಗೆ ಹೇಳಿದ್ದು ನಿಜ. ಹೇಳಬಾರದಿತ್ತು. ವರ್ಗಾವಣೆ ಇಲ್ಲ. ಕ್ರಮ ಮುಗಿದಿದೆ.’

ಅಕ್ಕ ಅದನ್ನು ಓದಿ ಮುಗಿಸುವಷ್ಟರಲ್ಲಿ ಪರೀಕ್ಷಕ ಫಾರಂ ಹಿಡಿದು ಬಂದ. ಕೊನೆಗೆ ಒಂದು ಹೊಸ ಸಾಲು ಸೇರಿಸಿದ್ದ: ‘ಕೆಲಸದ ಜಾಗದಲ್ಲಿ ಕೆಲಸ: ಹತ್ತಕ್ಕೆ ಹತ್ತು.’

“ಒಟ್ಟು ನಲವತ್ತೊಂದು ಅಕ್ಕ. ಈಗ್ಲೂ ಫೇಲೇ. ಸುರಕ್ಷತೆಗೆ ಸೊನ್ನೆ ಕೊಟ್ಟಿದ್ದು ನಾನು ಬದಲಾಯಿಸಲ್ಲ. ಅದು ನಿಜ.”

“ಬದಲಾಯಿಸಿ ಅಂತ ಯಾರು ಹೇಳಿದ್ರು? ಮೇಲ್‌ನಿಂದ ತೆಗೆದುಹಾಕಿ. ಬರೆಯೋದು ಇದರಲ್ಲಿ ಬರೀತೀನಿ, ಮೇಲೆ ಬಂದು ತಂತಿ ಹಾಕಿ ಕಂಪ್ಯೂಟರಿಗೆ ಇಳಿಸಿ ಅಲ್ಲಿಂದ ಕಳಿಸ್ತೀನಿ. ಐದು ನಿಮಿಷ ತಡ ಆಗುತ್ತೆ. ಆಗಲಿ.”

“ಮೇಲ್ ಇಲ್ಲ ಅಂದ್ರೆ ಇದನ್ನ ಬುಟ್ಟಿಗೆ ಹಾಕ್ಬೇಕಾಗಿಲ್ಲ,” ಎಂದು ಪರೀಕ್ಷಕ ಅದನ್ನು ಬರೆದುಕೊಂಡ. ಅವನ ಮುಖದಲ್ಲಿ ನಿರಾಳ ಕಂಡಿತು.

“ಇನ್ನೂ ಒಂದು ಬರ್ಕೊಳ್ಳಿ,” ಎಂದಳು ಅಕ್ಕ. “ಇದು ಒಂದು ದಿನ ಸಾಯುತ್ತೆ. ಅಷ್ಟರೊಳಗೆ ಕೀಲಿ ಇರೋ ಇನ್ನೊಂದನ್ನ ಎಲ್ಲಿಂದಾದ್ರೂ ಹುಡುಕಿ ತರಬೇಕು. ಕ್ರಮ: ನೀವು. ಗಡುವು?”

“ಅಂಥದ್ದು ಈಗ ಯಾರೂ ಮಾಡ್ತಾ ಇಲ್ಲ ಅಕ್ಕ. ಒಂದು... ಎರಡು ತಿಂಗಳು ಬೇಕಾಗುತ್ತೆ.”

“ಒಂದು ತಿಂಗಳು,” ಎಂದು ಅಕ್ಕ ಅವನ ಮುಖ ನೋಡುತ್ತಲೇ ಬರೆದಳು.